ಫೈರ್ ಎಂಜಿನ್ ಹೊರಟುಹೋದ ಮೇಲೆ

ಕಳೆದ ಸೆಮಿಸ್ಟರ್‌ನಲ್ಲಿ ನಮಗೆಲ್ಲ ಒಂದೊಂದು ಸೆಮಿನಾರ್ ಇತ್ತು. ಸಿವಿಲ್ ವಿಭಾಗದವರೆಂದರೆ ಕೇಳಬೇಕೆ? ಒಬ್ಬ ಬುರ್ಜ್ ಖಲೀಫಾ ಹಿಡಿದ, ಇನ್ನೊಬ್ಬಳು ಚೆನಾಬ್ ರೈಲ್ವೆ ಸೇತುವೆ, ಮತ್ತೊಬ್ಬ ಮುಂಬೈನ ಅಟಲ್ ಸೇತು. ಎಲ್ಲವೂ ಹೊಸದು, ಎಲ್ಲವೂ ದೊಡ್ಡದು. ನಾನು ಮಾತ್ರ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದ ಒಂದು ಹಳೆಯ ಅಗ್ನಿಶಾಮಕ ಠಾಣೆಯನ್ನು ಆರಿಸಿಕೊಂಡೆ. ಅದೀಗ ಅಲ್ಲಿನ ಬಂದರು ಆಡಳಿತದ ಕೇಂದ್ರ ಕಚೇರಿ. ಹಳೆಯ ಠಾಣೆಯ ನೆತ್ತಿಯ ಮೇಲೆ ಗಾಜಿನ ಹಡಗೊಂದು ತೇಲಿಬಂದು ನಿಂತ ಹಾಗಿದೆ. ಫೋಟೊ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತ್ತು, ಅಷ್ಟೇ. ಅದಕ್ಕಿಂತ ಘನವಾದ ಕಾರಣ ಏನೂ ಇರಲಿಲ್ಲ.

ಇಪ್ಪತ್ತು ಸ್ಲೈಡ್ ತೋರಿಸಿ ಕೊನೆಗೆ 'ಥ್ಯಾಂಕ್ ಯೂ' ಸ್ಲೈಡ್‌ಗೆ ಬಂದಾಗ ನಮ್ಮ ಗೈಡ್ ಕೇಳಿದರು: "ಅಲ್ಲಮ್ಮಾ, ಆ ಹಳೇ ಬಿಲ್ಡಿಂಗ್ ಕೆಡವಿ ಹೊಸದಾಗಿ ಕಟ್ಟಿದ್ರೆ ಖರ್ಚೂ ಕಮ್ಮಿ, ಕೆಲಸಾನೂ ಸಲೀಸು. ಯಾಕೆ ಇಷ್ಟು ಒದ್ದಾಡಿದ್ರು?"

"ಹೆರಿಟೇಜ್ ಸರ್" ಎಂದೆ. ತರಗತಿ ನಕ್ಕಿತು. ಸರ್ ನಗಲಿಲ್ಲ. "ಅದು ಪದ, ಉತ್ತರ ಅಲ್ಲ" ಎಂದು ಅಂಕ ಬರೆದುಕೊಂಡರು. ಅಂದಿನಿಂದ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಪರೀಕ್ಷೆ ಮುಗಿದ ಮೇಲೆ ಕೂತು ಮತ್ತೆ ಓದಿದೆ. ಓದಿದಷ್ಟೂ ಇದು ಬೆಲ್ಜಿಯಂನ ಒಂದು ಕಟ್ಟಡದ ಕಥೆ ಮಾತ್ರವಲ್ಲ ಅನ್ನಿಸತೊಡಗಿತು.

ಮೊದಲು ಅಗ್ನಿಶಾಮಕ ಠಾಣೆ ಎಂದರೆ ಎಂಥ ಕಟ್ಟಡ ಎಂದು ನೋಡಿ. ನೆಲಮಹಡಿಯಲ್ಲಿ ನಡುವೆ ಕಂಬ ಅಡ್ಡ ಬರದ ದೊಡ್ಡ ಹಾಲ್. ಲಾರಿ ಒಂದೇ ಏಟಿಗೆ ಹೊರಬೀಳುವಷ್ಟು ಅಗಲದ, ಸಾಲಾಗಿ ಜೋಡಿಸಿದ ಬಾಗಿಲುಗಳು. ನೀರು ತುಂಬಿದ ಗಾಡಿಯ ಭಾರ ತಡೆಯುವ ಗಟ್ಟಿ ನೆಲ. ಮೇಲ್ಮಹಡಿಯಲ್ಲಿ ಸಿಬ್ಬಂದಿ ಮಲಗುವ ಕೋಣೆಗಳು. ಹಿಂದೆ ಕವಾಯತು ಮಾಡಲು ಅಂಗಳ. ಹಳೆಯ ಠಾಣೆಗಳಲ್ಲಿ ಒಂದು ಗೋಪುರವೂ ಇರುತ್ತಿತ್ತು. ಆಗಿನ ಹೋಸ್ ಪೈಪ್‌ಗಳು ಬಟ್ಟೆಯವು. ಒದ್ದೆಯಾಗಿಯೇ ಸುತ್ತಿಟ್ಟರೆ ಕೊಳೆಯುತ್ತಿದ್ದವು. ಹಾಗಾಗಿ ಗೋಪುರದ ತುದಿಯಿಂದ ಇಳಿಬಿಟ್ಟು ಒಣಗಿಸುತ್ತಿದ್ದರು. ಊರಿನಲ್ಲಿ ಎಲ್ಲಿ ಹೊಗೆ ಎದ್ದಿದೆ ಎಂದು ನೋಡುವುದಕ್ಕೂ ಅದೇ ಗೋಪುರ.

ಇಷ್ಟು ಗಟ್ಟಿಯಾಗಿ ಕಟ್ಟಿದ್ದು ಏಕೆ ಖಾಲಿಯಾಗುತ್ತದೆ? ಗೋಡೆ ಬಿರುಕು ಬಿಟ್ಟು ಅಲ್ಲ. ಕುದುರೆ ಹೋಗಿ ಮೋಟಾರು ಬಂತು, ಮೋಟಾರು ಹೋಗಿ ಅದಕ್ಕಿಂತ ಎತ್ತರದ, ಅಗಲದ ಗಾಡಿ ಬಂತು. ಬಾಗಿಲು ಮಾತ್ರ ಅಷ್ಟೇ ಉಳಿಯಿತು. ಊರು ಬೆಳೆದು ಜನ ಇನ್ನೊಂದು ದಿಕ್ಕಿಗೆ ಹೋದರು, ಅಲ್ಲಿಗೆ ಬೇಗ ತಲುಪಲು ಠಾಣೆಯೂ ಅತ್ತ ಹೋಯಿತು. ಕೆಲವು ಕಡೆ ಸರ್ಕಾರವೇ ಖರ್ಚು ಉಳಿಸಲು ಮುಚ್ಚಿತು. ಅಂದರೆ ಕಟ್ಟಡ ಸಾಯುವುದಿಲ್ಲ, ಅದರ ಕೆಲಸ ಹೋಗುತ್ತದೆ. ನಿರುದ್ಯೋಗ ಕಟ್ಟಡಕ್ಕೂ ಬರುತ್ತದೆ ಎಂದು ನನ್ನ ರೂಮ್‌ಮೇಟ್ ತಮಾಷೆ ಮಾಡಿದಳು.

ಆಂಟ್‌ವರ್ಪ್‌ನಲ್ಲಿ ಆದದ್ದೂ ಇದೇ. ರಾಟರ್‌ಡ್ಯಾಮ್ ಬಿಟ್ಟರೆ ಯುರೋಪಿನ ಎರಡನೇ ದೊಡ್ಡ ಬಂದರು ಅಲ್ಲಿಯದು. ನಮ್ಮವರಿಗೆ ಆ ಊರು ಗೊತ್ತಿರುವುದು ವಜ್ರದಿಂದ. ಗುಜರಾತಿನ ಪಾಲನ್‌ಪುರದ ಕಡೆಯ ಎಷ್ಟೋ ಕುಟುಂಬಗಳು ಅಲ್ಲಿ ವಜ್ರದ ವ್ಯಾಪಾರದಲ್ಲಿವೆ. ಊರೂ ಬಂದರೂ ಸೇರುವ ಗಡಿಯಲ್ಲಿ, ಹಡಗುಕಟ್ಟೆಯ ನೀರಿನ ಪಕ್ಕ 1922ರಲ್ಲಿ ಒಂದು ಅಗ್ನಿಶಾಮಕ ಠಾಣೆ ಎದ್ದಿತು. ವಿನ್ಯಾಸ ಎಮಿಲ್ ವಾನ್ ಆವರ್‌ಬೆಕೆ ಅವರದು. ಹಳೆಯ ಕಾಲದ ಹಾನ್ಸಿಯಾಟಿಕ್ ವರ್ತಕರ ದೊಡ್ಡ ಮನೆಯ ಮಾದರಿಯಲ್ಲಿ, ನಡುವೆ ಅಂಗಳ ಬಿಟ್ಟು, ನಾಲ್ಕೂ ಕಡೆ ಮುಖ ಇರುವಂತೆ ಕಟ್ಟಿದರು. ನಕ್ಷೆಯಲ್ಲಿ ಒಂದು ಎತ್ತರದ ಗೋಪುರವೂ ಇತ್ತು. ಅದನ್ನು ಮಾತ್ರ ಕಟ್ಟಲೇ ಇಲ್ಲ. ಈ ಗೋಪುರ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಬಂದರು ಬೆಳೆದಂತೆ ಹೊಸ ಠಾಣೆ ಬೇಕಾಯಿತು, ಹಳೆಯದು ಖಾಲಿ ಬಿತ್ತು. ಅದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕಟ್ಟಡ ಉಳಿಯುವುದಿಲ್ಲ, ಅದು ನಮಗೆಲ್ಲ ಗೊತ್ತಿರುವ ವಿಷಯ. ಬೀಗ ಹಾಕಿದ ಕಟ್ಟಡಕ್ಕೆ ಮೊದಲು ಬರುವುದು ಸೋರಿಕೆ, ಆಮೇಲೆ ಪಾರಿವಾಳ, ಆಮೇಲೆ ಅಪಾಯದ ಬೋರ್ಡು. ಇತ್ತ ಬಂದರು ಆಡಳಿತಕ್ಕೆ ತನ್ನ 1990ರ ದಶಕದ ಕಚೇರಿ ಸಾಲುತ್ತಿರಲಿಲ್ಲ. ಬೇರೆ ಬೇರೆ ವಿಭಾಗಗಳ ಸುಮಾರು 500 ಮಂದಿಯನ್ನು ಒಂದೇ ಕಡೆ ಕೂರಿಸಬೇಕಿತ್ತು. ಒಂದು ಕಡೆ ಕೆಲಸವಿಲ್ಲದ ಕಟ್ಟಡ, ಇನ್ನೊಂದು ಕಡೆ ಕಟ್ಟಡವಿಲ್ಲದ ಕೆಲಸ. 2007ರಲ್ಲಿ ಇವೆರಡನ್ನು ಗಂಟು ಹಾಕುವ ತೀರ್ಮಾನವಾಯಿತು.

ನನ್ನ ಸ್ಲೈಡ್‌ಗಳಲ್ಲಿ ನಾನು ಬಿಟ್ಟುಬಿಟ್ಟಿದ್ದ ವಿಷಯ ಇಲ್ಲಿದೆ. ಕಟ್ಟಡದ ವಿನ್ಯಾಸಕ್ಕೆ ಸ್ಪರ್ಧೆ ಕರೆದರು. ಅದರಲ್ಲಿ ಮುಖ್ಯ ಷರತ್ತು ಒಂದೇ: ಹಳೆಯ ಠಾಣೆ ಉಳಿಯಬೇಕು. ಹೊಸ ಭಾಗ ಪಕ್ಕದಲ್ಲಿ ಬರಬೇಕೋ, ಹಿಂದೆ ಬರಬೇಕೋ, ಮೇಲೆ ಬರಬೇಕೋ ಎಂದು ಹೇಳಲೇ ಇಲ್ಲ. ಅಂತಿಮ ಸುತ್ತಿಗೆ ಬಂದ ಐದೂ ತಂಡಗಳು ಹೊಸ ಭಾಗವನ್ನು ಹಳೆಯದರ ಮೇಲೆಯೇ ಇಟ್ಟಿದ್ದವು! ತಮಗೇ ಇದು ಆಶ್ಚರ್ಯ ತಂದಿತು ಎಂದು ಬಂದರಿನ ಅಂದಿನ ಅಧ್ಯಕ್ಷ ಮಾರ್ಕ್ ವಾನ್ ಪೀಲ್ ಹೇಳಿಕೊಂಡಿದ್ದಾರೆ. ಗೆದ್ದದ್ದು ಜಹಾ ಹದೀದ್ ಅವರ ಸಂಸ್ಥೆ.

ನಾವು ವಿದ್ಯಾರ್ಥಿಗಳು ಆರ್ಕಿಟೆಕ್ಟ್ ಹೆಸರಿಗೆ ಬೇಗ ಮರುಳಾಗುತ್ತೇವೆ. ಆದರೆ ಈ ಕಟ್ಟಡದ ಹಣೆಬರಹ ಬರೆದದ್ದು ಆರ್ಕಿಟೆಕ್ಟ್ ಅಲ್ಲ, ಷರತ್ತು ಬರೆದವರು. 'ಹಳೆಯದನ್ನು ತೆರವುಗೊಳಿಸಿ' ಎಂಬ ಒಂದು ಸಾಲು ಟೆಂಡರ್‌ನಲ್ಲಿ ಇದ್ದಿದ್ದರೆ ಜಗತ್ತಿನ ಯಾವ ಪ್ರತಿಭೆಯೂ ಆ ಠಾಣೆಯನ್ನು ಉಳಿಸುತ್ತಿರಲಿಲ್ಲ. ನಮ್ಮ ಗೈಡ್ ಕೇಳಿದ ಪ್ರಶ್ನೆಗೆ ಇದು ಮೊದಲ ಉತ್ತರ: ಕೆಡವಬೇಕೇ ಉಳಿಸಬೇಕೇ ಎಂಬುದು ಎಂಜಿನಿಯರ್ ಮೇಜಿಗೆ ಬರುವ ಹೊತ್ತಿಗೆ ಬಹಳ ಸಲ ತೀರ್ಮಾನವಾಗಿಯೇ ಹೋಗಿರುತ್ತದೆ.

ಹಾಗಾದರೆ ಮೇಲೆಯೇ ಏಕೆ? ಹದೀದ್ ತಂಡದ ತರ್ಕ ಸರಳವಾಗಿದೆ. ಆ ಠಾಣೆಯ ಸುತ್ತ ನೀರು. ನಾಲ್ಕು ಮುಖಗಳಿಗೂ ಸಮಾನ ಬೆಲೆ, ಹಿಂಭಾಗ ಎಂಬುದೇ ಇಲ್ಲ. ಪಕ್ಕಕ್ಕೆ ಏನು ಕಟ್ಟಿದರೂ ಒಂದು ಮುಖ ಮುಚ್ಚಿಹೋಗುತ್ತದೆ. ಉಳಿದ ದಾರಿ ಆಕಾಶ. ಅಲ್ಲದೆ ಮೂಲ ನಕ್ಷೆಯಲ್ಲಿ ಮೇಲಕ್ಕೆ ಏಳಬೇಕಿದ್ದ ಗೋಪುರ ಕಟ್ಟದೆ ಉಳಿದಿತ್ತಲ್ಲ, ಆ ಎತ್ತರವನ್ನು ನಾವು ಈಗ ಕೊಡುತ್ತಿದ್ದೇವೆ ಎಂದರು. ಕೇಳಲು ಚೆನ್ನಾಗಿದೆ. ನನಗೇನೋ ಇದರಲ್ಲಿ ಸ್ವಲ್ಪ ವಕೀಲಿಕೆಯೂ ಕಾಣುತ್ತದೆ. 1922ರ ಗೋಪುರ ನೆಟ್ಟಗೆ ನಿಲ್ಲುತ್ತಿತ್ತು. ಇದು ನೂರು ಮೀಟರಿಗೂ ಉದ್ದವಾಗಿ ಅಡ್ಡ ಮಲಗಿದೆ. ನಾಲ್ಕು ಮುಖಗಳನ್ನು ಉಳಿಸಿಕೊಟ್ಟು ಅವುಗಳ ತಲೆಯ ಮೇಲಿನ ಆಕಾಶವನ್ನು ತೆಗೆದುಕೊಂಡರು ಎಂದೂ ಹೇಳಬಹುದು. ಅಂಥ ಟೀಕೆ ಬಂದದ್ದೂ ಉಂಟು. ಆದರೂ ಕೆಳಗಿನ ಕಟ್ಟಡಕ್ಕೆ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ 1922ರಲ್ಲಿ ಕಾಣುತ್ತಿದ್ದ ಇಟ್ಟಿಗೆ, ಕಲ್ಲು, ಕಿಟಕಿ ಹಾಗೇ ಕಾಣುತ್ತವೆ. ಅದೇನು ಸಣ್ಣ ಮಾತಲ್ಲ.

ಸಿವಿಲ್ ಓದುವವರಿಗೆ ರುಚಿಸುವ ಭಾಗ ಇದರ ಭಾರದ ಲೆಕ್ಕ. ನಮ್ಮ ಊರುಗಳಲ್ಲಿ ಮನೆ ಕಟ್ಟುವಾಗ ತಾರಸಿಯ ಮೇಲೆ ಕಂಬಿಗಳನ್ನು ಹಾಗೇ ಬಿಟ್ಟಿರುತ್ತಾರೆ, ಮಗನ ಮದುವೆ ಹೊತ್ತಿಗೆ ಮೇಲೊಂದು ಮಹಡಿ ಎತ್ತೋಣ ಎಂದು. ಅದು ಮೊದಲೇ ಅಂದುಕೊಂಡ ವಿಸ್ತರಣೆ. ತಳಪಾಯಕ್ಕೆ ಅದರ ಲೆಕ್ಕ ಸೇರಿರುತ್ತದೆ, ಕನಿಷ್ಠ ಸೇರಿರಬೇಕು. 1922ರ ಠಾಣೆಯ ಗೋಡೆಗೆ ಇಂಥ ಗಾಜು-ಉಕ್ಕಿನ ಹಡಗು ಹೊರುವ ಕಲ್ಪನೆ ಎಲ್ಲಿಂದ ಬರಬೇಕು? ಹಾಗಾಗಿ ಹೊಸ ಭಾಗ ಹಳೆಯ ಗೋಡೆಗಳ ಮೇಲೆ ಕೂತಿಲ್ಲ. ಅದಕ್ಕೆ ತನ್ನದೇ ಕಾಂಕ್ರೀಟ್ ಕಾಲುಗಳಿವೆ. ಒಳಗಿನ ಅಂಗಳದಿಂದ ಎದ್ದು ಬರುವ ಆಧಾರ ಒಂದು ಕಡೆ, ಕಟ್ಟಡದ ಹೊರಗೆ ಓರೆಯಾಗಿ ನಿಂತ ಕಂಬ ಇನ್ನೊಂದು ಕಡೆ. ಭಾರವೆಲ್ಲ ಅವುಗಳ ಮೂಲಕ ನೆಲಕ್ಕೆ. ಎರಡರ ನಡುವೆ ಓಡಾಡಲು ಲಿಫ್ಟ್ ಮತ್ತು ಒಂದು ಸೇತುವೆ. ದೂರದಿಂದ ಒಂದರ ಮೇಲೊಂದು ಕೂತಂತೆ ಕಾಣುವುದು ಲೆಕ್ಕದಲ್ಲಿ ಎರಡು ಬೇರೆ ಕಟ್ಟಡ.

ಇಂಥ ಕೆಲಸದಲ್ಲಿ ಹೆದರಿಕೆ ಇರುವುದು ಮೇಲೆ ಅಲ್ಲ, ಕೆಳಗೆ. ಹಳೆಯ ತಳಪಾಯ ತೊಂಬತ್ತು ವರ್ಷ ಕೂತು ಕೂತು ಎಷ್ಟು ಇಳಿಯಬೇಕೋ ಅಷ್ಟು ಇಳಿದು ನೆಮ್ಮದಿಯಾಗಿರುತ್ತದೆ. ಪಕ್ಕದಲ್ಲೇ ಹೊಸ ತಳಪಾಯ ಅಗೆದು ಭಾರ ಇಟ್ಟರೆ ಅದು ಈಗ ಇಳಿಯಲು ಶುರು ಮಾಡುತ್ತದೆ. ಒಂದು ಇಳಿದು ಇನ್ನೊಂದು ನಿಂತಲ್ಲೇ ನಿಂತರೆ ನಡುವಿನ ಗೋಡೆ ಬಿರುಕು ಬಿಡುತ್ತದೆ. 'ಡಿಫರೆನ್ಷಿಯಲ್ ಸೆಟ್ಲ್‌ಮೆಂಟ್' ಎಂದು ಎರಡು ಅಂಕದ ಪ್ರಶ್ನೆಗೆ ನಾವು ಬಾಯಿಪಾಠ ಮಾಡುವುದು ಇದನ್ನೇ. ಸೆಮಿನಾರ್ ಮುಗಿಯುವವರೆಗೂ ಆ ಎರಡು ಅಂಕದ ಹಿಂದೆ ಒಂದು ನಿಜವಾದ ಗೋಡೆ ಇರುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಒಳಗೆ ಮಾಡಿದ ಕೆಲಸ ಮಾತ್ರ ನನಗೆ ಹೊರಗಿನದಕ್ಕಿಂತ ಇಷ್ಟ. ಅಂಗಳಕ್ಕೆ ಗಾಜಿನ ಚಾವಣಿ ಹಾಕಿ ಸ್ವಾಗತ ಹಜಾರ ಮಾಡಿದರು. ಫೈರ್ ಎಂಜಿನ್‌ಗಳು ನಿಲ್ಲುತ್ತಿದ್ದ ಹಾಲ್ ಈಗ ಸಾರ್ವಜನಿಕರು ಬಂದು ಕೂರುವ ಓದುಕೋಣೆ ಮತ್ತು ಗ್ರಂಥಾಲಯ. ಗಂಟೆ ಹೊಡೆದ ಕೂಡಲೇ ಓಡಿಬಂದು ಗಾಡಿ ಹತ್ತುತ್ತಿದ್ದ ಜಾಗದಲ್ಲಿ ಈಗ ಯಾರೋ ಪುಟ ತಿರುಗಿಸುತ್ತಿರುತ್ತಾರೆ. ಕಂಬವಿಲ್ಲದ ದೊಡ್ಡ ಹಾಲ್, ಎತ್ತರದ ಬಾಗಿಲುಗಳಿಂದ ಬರುವ ಬೆಳಕು. ಓದಲು ಇನ್ನೇನು ಬೇಕು? ಕಟ್ಟಡದ ಸುತ್ತ ನೂರಕ್ಕೂ ಹೆಚ್ಚು ಕಡೆ ಕೊಳವೆ ಕೊರೆದು 80 ಮೀಟರ್ ಆಳಕ್ಕೆ ನೀರು ಹರಿಸಿ, ಭೂಮಿಯ ಒಳಗಿನ ಹದವಾದ ಉಷ್ಣತೆಯಿಂದಲೇ ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಾಗಿ ಇಡುವ ವ್ಯವಸ್ಥೆ ಮಾಡಿದ್ದಾರೆ. ಕೊಳವೆ ಕೊರೆಯುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ನೀರು ಮೇಲೆತ್ತಲು ಮಾತ್ರ ಕೊರೆಯುತ್ತೇವೆ. ಜಾಗ ನೀರಿನ ಪಕ್ಕದಲ್ಲೇ ಇದ್ದುದರಿಂದ ಸಾಮಗ್ರಿಗಳನ್ನು ಜಲಮಾರ್ಗದಲ್ಲಿ ತರಲೂ ಅನುಕೂಲವಾಗಿತ್ತು.

ಈ ಕಟ್ಟಡ 2016ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಹದೀದ್ ನೋಡಲಿಲ್ಲ. ಅದೇ ವರ್ಷ ಮಾರ್ಚ್ 31ರಂದು ತೀರಿಕೊಂಡಿದ್ದರು. ಕಟ್ಟಡದ ಮುಂದಿನ ಚೌಕಕ್ಕೆ ಅವರ ಹೆಸರಿಟ್ಟರು.

ಇನ್ನೊಂದು ಸ್ವಾರಸ್ಯ ಹೇಳಲೇಬೇಕು. ಬಾಗ್ದಾದ್‌ನಲ್ಲಿ ಹುಟ್ಟಿ ಲಂಡನ್‌ನಲ್ಲಿ ಕಚೇರಿ ತೆರೆದ ಹದೀದ್ ವರ್ಷಗಟ್ಟಲೆ ಕಾಗದದ ಮೇಲಿನ ಆರ್ಕಿಟೆಕ್ಟ್ ಎಂದೇ ಹೆಸರಾಗಿದ್ದವರು. ಸ್ಪರ್ಧೆ ಗೆಲ್ಲುತ್ತಿದ್ದರು, ಕಟ್ಟಡ ಏಳುತ್ತಿರಲಿಲ್ಲ. ಅವರಿಗೆ ಹೆಸರು ತಂದ ಮೊದಲ ದೊಡ್ಡ ಕಟ್ಟಡ 1993ರದ್ದು, ಜರ್ಮನಿಯ ವೈಲ್ ಆಮ್ ರೈನ್ ಎಂಬಲ್ಲಿ. ಅದೂ ಅಗ್ನಿಶಾಮಕ ಠಾಣೆಯೇ! ವೀಟ್ರಾ ಎಂಬ ಪೀಠೋಪಕರಣ ಕಂಪನಿಯ ಕಾರ್ಖಾನೆ 1981ರಲ್ಲಿ ಬೆಂಕಿಗೆ ಬಹುಪಾಲು ಸುಟ್ಟುಹೋಯಿತು. ಆಮೇಲೆ ಕಂಪನಿ ತನ್ನದೇ ಠಾಣೆ ಬೇಕೆಂದು ಹದೀದ್ ಕೈಯಲ್ಲಿ ಕಟ್ಟಿಸಿತು. ಚಾಕುವಿನಂತೆ ಚೂಪಾದ ಕಾಂಕ್ರೀಟ್ ಅಂಚುಗಳು, ಫೋಟೊದಲ್ಲಿ ನೋಡಿದರೂ ಓಡುತ್ತಿರುವ ಹಾಗೆ ಕಾಣುತ್ತದೆ. ಕೆಲವೇ ವರ್ಷಗಳಲ್ಲಿ ಆ ಪ್ರದೇಶದ ಅಗ್ನಿಶಾಮಕ ವ್ಯವಸ್ಥೆ ಬದಲಾಗಿ ಕಂಪನಿಗೆ ಸ್ವಂತ ಠಾಣೆಯ ಅಗತ್ಯವೇ ಉಳಿಯಲಿಲ್ಲ. ಅದು ಕುರ್ಚಿಗಳ ಪ್ರದರ್ಶನಕ್ಕೆ, ಸಮಾರಂಭಗಳಿಗೆ ಬಳಕೆಯಾಯಿತು. ಅವರ ಮೊದಲ ದೊಡ್ಡ ಕಟ್ಟಡವನ್ನು ಬೇರೆಯವರು ಬೇರೆ ಕೆಲಸಕ್ಕೆ ಬದಲಾಯಿಸಿದರು. ಕೊನೆಯವುಗಳಲ್ಲಿ ಒಂದರಲ್ಲಿ ಬೇರೆಯವರ ಠಾಣೆಯನ್ನು ಅವರು ಬದಲಾಯಿಸಿದರು. ಎಷ್ಟೇ ದೊಡ್ಡ ಹೆಸರು ಕಟ್ಟಿದರೂ ಅದರ ಕೆಲಸ ಶಾಶ್ವತವಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಇಲ್ಲಿಯವರೆಗೆ ಸುಖದ ಕಥೆ. ಆಂಟ್‌ವರ್ಪ್‌ನಲ್ಲಿ ಒಂದು ಸಾರ್ವಜನಿಕ ಸಂಸ್ಥೆ ಬಿಟ್ಟದ್ದನ್ನು ಇನ್ನೊಂದು ಸಾರ್ವಜನಿಕ ಸಂಸ್ಥೆ ಹಿಡಿಯಿತು. ಎಲ್ಲ ಕಡೆ ಹಾಗಾಗುವುದಿಲ್ಲ. ಲಂಡನ್ ನೋಡಿ. 2014ರ ಜನವರಿ 9ರಂದು ಒಂದೇ ದಿನ ಅಲ್ಲಿ ಹತ್ತು ಅಗ್ನಿಶಾಮಕ ಠಾಣೆಗಳನ್ನು ಮುಚ್ಚಿದರು. ಕಾರಣ ಖರ್ಚು ಕಡಿತ. ಅವುಗಳಲ್ಲಿ 1872ರ ಕ್ಲರ್ಕನ್‌ವೆಲ್ ಠಾಣೆಯೂ ಇತ್ತು. ಸಿಬ್ಬಂದಿ ಕಣ್ಣೀರಿಡುತ್ತಾ ಹೊರಬಂದರು, ಜನ ಬೀದಿಯಲ್ಲಿ ಪ್ರತಿಭಟಿಸಿದರು. ಆಮೇಲೆ ಹಲವು ಠಾಣೆಗಳ ಜಾಗ ಮಾರಾಟಕ್ಕೆ ಬಂತು. ನಗರದ ನಡುವಿನ ಜಾಗ. ಬೆಲೆ ಎಷ್ಟು ಎಂದು ಊಹಿಸಿಕೊಳ್ಳಿ.

ಅದೇ ಲಂಡನ್‌ನ ಎರಡು ಹಳೆಯ ಠಾಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು, ಮೇರಿಲ್‌ಬೋನ್ ಪ್ರದೇಶದ 1889ರ ಮ್ಯಾಂಚೆಸ್ಟರ್ ಸ್ಕ್ವೇರ್ ಠಾಣೆ. 2005ರಲ್ಲಿ ಮುಚ್ಚಿತು, 2014ರ ಹೊತ್ತಿಗೆ ಚಿಲ್ಟರ್ನ್ ಫೈರ್‌ಹೌಸ್ ಎಂಬ ಐಷಾರಾಮಿ ಹೋಟೆಲ್ ಆಯಿತು. ಇಟ್ಟಿಗೆಯ ಮುಖ ಹಾಗೇ ಇದೆ, ಹಿಂದೆ ಹೊಸ ಭಾಗ ಸೇರಿಸಿದರು. ಸಿನಿಮಾ ತಾರೆಯರು ಊಟಕ್ಕೆ ಬರುವ ಜಾಗ ಎಂದು ಹೆಸರಾಯಿತು. ಇನ್ನೊಂದು, ದಕ್ಷಿಣ ಲಂಡನ್‌ನ ಪೆಕ್ಕಮ್ ರಸ್ತೆಯ 1867ರ ಠಾಣೆ. ಹೆಸರು ಹೇಳಲು ಇಷ್ಟಪಡದ ದಾನಿಯೊಬ್ಬರು ಅದನ್ನು ಪಕ್ಕದ ಸೌತ್ ಲಂಡನ್ ಗ್ಯಾಲರಿಗೆ ಕೊಟ್ಟರು. 2018ರಲ್ಲಿ ಕಲಾ ಗ್ಯಾಲರಿಯ ಇನ್ನೊಂದು ಭಾಗವಾಗಿ ತೆರೆಯಿತು. ಪ್ರವೇಶ ಉಚಿತ. ಶಾಲೆ ಮಕ್ಕಳು ಬಂದು ಚಿತ್ರ ಬಿಡಿಸಿ ಹೋಗುತ್ತಾರೆ.

ಎಂಜಿನಿಯರಿಂಗ್ ದೃಷ್ಟಿಯಿಂದ ಎರಡೂ ಯಶಸ್ವಿ ಮರುಬಳಕೆಯೇ. ನಮ್ಮ ಪಠ್ಯದಲ್ಲಿ ಇಬ್ಬರಿಗೂ ಒಂದೇ ಅಂಕ. ಆದರೆ ಒಂದರೊಳಗೆ ನಾನೂ ನೀವೂ ಹೋಗಬಹುದು, ಇನ್ನೊಂದರ ಬಾಗಿಲಲ್ಲಿ ನಮ್ಮನ್ನು ತಡೆಯುತ್ತಾರೆ. ಊರಿನ ತೆರಿಗೆ ದುಡ್ಡಿನಲ್ಲಿ, ಊರನ್ನು ಕಾಯಲು ಕಟ್ಟಿದ ಕಟ್ಟಡದ ವಿಷಯದಲ್ಲಿ ಈ ವ್ಯತ್ಯಾಸ ನನಗೆ ಮುಖ್ಯ ಎನ್ನಿಸುತ್ತದೆ. ಹೋಟೆಲ್ ಆಗಬಾರದು ಎಂದಲ್ಲ. ಖಾಲಿ ಬಿದ್ದು ಹಾಳಾಗುವುದಕ್ಕಿಂತ ಹೋಟೆಲ್ ಎಷ್ಟೋ ಮೇಲು. ಆದರೆ ಉಳಿಸಿದೆವು ಎಂದು ಹೇಳುವಾಗ ಯಾರಿಗಾಗಿ ಉಳಿಸಿದೆವು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಚಿಲ್ಟರ್ನ್ ಫೈರ್‌ಹೌಸ್ ಕಥೆಗೆ ಒಂದು ಬಾಲವಿದೆ. 2025ರ ಫೆಬ್ರುವರಿ 14ರಂದು ಆ ಹಳೆಯ ಅಗ್ನಿಶಾಮಕ ಠಾಣೆಗೇ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ ಬಂದು ಆರಿಸಬೇಕಾಯಿತು. ನೆಲಮಹಡಿಯಿಂದ ಮೇಲಿನವರೆಗೆ ಹೋಗುವ ಗಾಳಿಯ ಡಕ್ಟ್ ಉರಿದು ಚಾವಣಿಗೂ ಹಾನಿಯಾಯಿತು. ಮೊಬೈಲ್‌ನಲ್ಲಿ ಇದನ್ನು ಜೋಕ್ ಎಂದು ಹಂಚಿಕೊಂಡವರೇ ಹೆಚ್ಚು. ನಮ್ಮಂಥವರು ಓದಬೇಕಾದ್ದು ಡಕ್ಟ್ ಎಂಬ ಪದವನ್ನು. ಕಟ್ಟಡದ ಕೆಲಸ ಬದಲಾದರೆ ಅದರ ಅಪಾಯವೂ ಬದಲಾಗುತ್ತದೆ. ಠಾಣೆಯಲ್ಲಿದ್ದವರು ಬೆಂಕಿಯ ಜೊತೆ ಬದುಕಲು ತರಬೇತಿ ಪಡೆದವರು, ನಿಮಿಷದೊಳಗೆ ಹೊರಗೆ ಬರಬಲ್ಲವರು. ಹೋಟೆಲ್‌ನಲ್ಲಿ ದೊಡ್ಡ ಅಡುಗೆಮನೆ, ಹೊಗೆ ಹೋಗಲು ಮಹಡಿಯಿಂದ ಮಹಡಿಗೆ ಕೊಳವೆ, ಮೇಲೆ ದಾರಿ ಗೊತ್ತಿಲ್ಲದ ಅತಿಥಿಗಳು. ಅದೇ ಗೋಡೆ, ಅದೇ ಚಾವಣಿ, ಲೆಕ್ಕ ಮಾತ್ರ ಪೂರ್ತಿ ಹೊಸದು. ನಮ್ಮಲ್ಲಿ ಮನೆಯನ್ನು ಪಿಜಿ ಮಾಡುತ್ತಾರೆ, ಗೋದಾಮನ್ನು ಕೋಚಿಂಗ್ ಸೆಂಟರ್ ಮಾಡುತ್ತಾರೆ, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಲೈಬ್ರರಿ ನಡೆಸುತ್ತಾರೆ. 2024ರ ಜುಲೈನಲ್ಲಿ ದಿಲ್ಲಿಯ ರಾಜಿಂದರ್ ನಗರದ ಕೋಚಿಂಗ್ ಸೆಂಟರ್ ಒಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಯುಪಿಎಸ್‌ಸಿಗೆ ಓದುತ್ತಿದ್ದ ಮೂವರು ಸತ್ತದ್ದು ನಮಗೆ ಮರೆತಿಲ್ಲ. ಅಲ್ಲಿಯೂ ಕಟ್ಟಡ ಬದಲಾಗಿರಲಿಲ್ಲ, ಬಳಕೆ ಬದಲಾಗಿತ್ತು.

ಈಗ ಗೈಡ್ ಕೇಳಿದ ಖರ್ಚಿನ ಮಾತಿಗೆ ಬರುತ್ತೇನೆ. ಆಂಟ್‌ವರ್ಪ್‌ನದು ಅಗ್ಗದ ಕೆಲಸ ಎಂದು ವಾದಿಸಿದರೆ ನನಗೇ ನಗು ಬರುತ್ತದೆ. ತ್ರಿಕೋನದ ಗಾಜುಗಳನ್ನು ಒಂದೊಂದು ಕೋನದಲ್ಲಿ ಜೋಡಿಸಿ ವಜ್ರದ ಹಾಗೆ ಹೊಳೆಯುವಂತೆ ಮಾಡಿದವರು ದುಡ್ಡು ಉಳಿಸಲು ಹೊರಟವರಲ್ಲ. ಮರುಬಳಕೆ ಹಲವು ಸಲ ಚದರಡಿ ಲೆಕ್ಕದಲ್ಲಿ ಹೊಸದಕ್ಕಿಂತ ದುಬಾರಿ ಆಗುತ್ತದೆ, ಏಕೆಂದರೆ ಗೋಡೆಯ ಒಳಗೆ ಏನಿದೆ ಎಂದು ತೆರೆದು ನೋಡುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಆದರೆ ನಾವು ಹಾಕುವ ಎಸ್ಟಿಮೇಟ್‌ನಲ್ಲಿ ಒಂದು ಕಾಲಂ ಇಲ್ಲವೇ ಇಲ್ಲ. ನಿಂತಿರುವ ಕಟ್ಟಡಕ್ಕೆ ಸುರಿದ ಸಿಮೆಂಟು, ಸುಟ್ಟ ಇಟ್ಟಿಗೆ, ಕರಗಿಸಿದ ಉಕ್ಕು, ಅದರ ಹೊಗೆ ಎಲ್ಲ ಆಗಲೇ ಆಗಿಹೋಗಿದೆ. ಕೆಡವಿದರೆ ಅಷ್ಟೂ ಮಣ್ಣುಪಾಲು, ಹೊಸದಕ್ಕೆ ಮತ್ತೆ ಮೊದಲಿನಿಂದ. ಜಗತ್ತಿನ ಇಂಗಾಲದ ಡೈ ಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ 8ರಷ್ಟು ಸಿಮೆಂಟಿನಿಂದಲೇ ಬರುತ್ತದೆ. 2021ರ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಫ್ರಾನ್ಸ್‌ನ ಲಕಟೋನ್ ಮತ್ತು ವಸಾಲ್ ಜೋಡಿ ಹಳೆಯ ವಸತಿ ಸಮುಚ್ಚಯಗಳನ್ನು ಕೆಡವಲು ಒಪ್ಪದೆ, ಅವುಗಳಿಗೇ ಹೊಸ ಭಾಗ ಜೋಡಿಸಿ ಹೆಸರು ಮಾಡಿದವರು. ಕಟ್ಟಡ ಕ್ಷೇತ್ರದ ದೊಡ್ಡ ಪ್ರಶಸ್ತಿ ಹೊಸ ಗೋಪುರಕ್ಕಲ್ಲ, ಕೆಡವದೆ ಇದ್ದುದಕ್ಕೆ ಸಿಕ್ಕಿತು ಎಂದರೆ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ.

ನಮ್ಮಲ್ಲಿ? ಬೆಂಗಳೂರಿನ ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲು ಇದಕ್ಕೆ ಹತ್ತಿರದ ಉದಾಹರಣೆ. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಖಾಲಿಯಾದ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ನಡುವಿನ ಕಾವಲು ಗೋಪುರವನ್ನೂ ಬ್ಯಾರಕ್‌ಗಳನ್ನೂ ಉಳಿಸಿಕೊಂಡರು. ತುರ್ತು ಪರಿಸ್ಥಿತಿಯಲ್ಲಿ ಪ್ರತಿಭಟಿಸಿದವರನ್ನು ಕೂಡಿಹಾಕಿದ್ದ ಜಾಗ ಈಗ ಪ್ರತಿಭಟನೆಗೆಂದೇ ಮೀಸಲು. ನೇಮಕಾತಿ ಪರೀಕ್ಷೆಗಳ ವಿಚಾರಕ್ಕೆ ಈ ಪುಟ ಓದುವ ಎಷ್ಟೋ ಮಂದಿ ಅಲ್ಲಿ ಬಿಸಿಲಲ್ಲಿ ಕೂತು ಬಂದಿದ್ದೀರಿ. ಮೈಸೂರಿನದು ಇನ್ನೊಂದು ಮುಖ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಕೆಡವಿ ಕಟ್ಟಬೇಕೇ, ಬಲಪಡಿಸಿ ಉಳಿಸಬೇಕೇ ಎಂಬ ಜಗಳ ಹೈಕೋರ್ಟ್‌ವರೆಗೆ ಹೋಯಿತು. ಒಬ್ಬ ತಜ್ಞರು ಸಾಧ್ಯ ಎಂದರೆ ಇನ್ನೊಬ್ಬರು ಅಸಾಧ್ಯ ಎಂದರು. ಅಂಗಡಿಯವರು ನಡುವೆ ಸಿಕ್ಕಿಕೊಂಡರು. ಅವರಿಗೆ ಪರಂಪರೆಗಿಂತ ಮೊದಲು ಬೇಕಾದ್ದು ತಲೆಯ ಮೇಲೆ ಬೀಳದ ಚಾವಣಿ, ಅದರಲ್ಲಿ ತಪ್ಪೇನೂ ಇಲ್ಲ. ಜಗಳ ಶುರುವಾದದ್ದು ಕುಸಿದ ಮೇಲೆ. ಆಂಟ್‌ವರ್ಪ್‌ನಲ್ಲಿ ಷರತ್ತು ಬರೆದದ್ದು ಕಟ್ಟಡ ಗಟ್ಟಿಯಾಗಿ ನಿಂತಿರುವಾಗ.

ಕೆಲಸ ಹುಡುಕುತ್ತಿರುವವರಿಗೆ ಇದರಲ್ಲೇನಿದೆ ಎಂದು ಕೇಳಬಹುದು. ನಮ್ಮ ನಾಲ್ಕು ವರ್ಷದ ಓದು ಬಹುತೇಕ ಖಾಲಿ ಸೈಟಿನಿಂದಲೇ ಶುರುವಾಗುತ್ತದೆ. ಐಎಸ್ 456 ಹಿಡಿದು ಹೊಸ ತೊಲೆ, ಹೊಸ ಕಂಬ, ಹೊಸ ಸ್ಲ್ಯಾಬ್. ನಿಂತಿರುವ ಕಟ್ಟಡವನ್ನು ಪರೀಕ್ಷಿಸುವ ವಿದ್ಯೆ ಬೇರೆಯೇ. ರೀಬೌಂಡ್ ಹ್ಯಾಮರ್‌ನಿಂದ ಕಾಂಕ್ರೀಟಿನ ಮೇಲ್ಮೈಯ ಗಟ್ಟಿತನ ಅಂದಾಜು ಮಾಡುತ್ತಾರೆ. ಅಲ್ಟ್ರಾಸಾನಿಕ್ ತರಂಗ ಹಾಯಿಸಿ ಒಳಗೆ ಪೊಳ್ಳು, ಬಿರುಕು ಇದೆಯೇ ಎಂದು ತಿಳಿಯುತ್ತಾರೆ. ಅನುಮಾನ ಬಂದ ಕಡೆ ಕೋರ್ ತೆಗೆದು ಲ್ಯಾಬ್‌ನಲ್ಲಿ ಒತ್ತಿ ನೋಡುತ್ತಾರೆ. ಹಳೆಯ ಕಾಂಕ್ರೀಟ್ ಕಟ್ಟಡಗಳನ್ನು ಭೂಕಂಪಕ್ಕೆ ತಕ್ಕಂತೆ ಬಲಪಡಿಸಲು ಐಎಸ್ 15988, ಇಟ್ಟಿಗೆ-ಕಲ್ಲಿನ ಕಟ್ಟಡಗಳಿಗೆ ಐಎಸ್ 13935 ಎಂಬ ಮಾರ್ಗಸೂಚಿಗಳು ನಮ್ಮಲ್ಲೇ ಇವೆ. ನನ್ನ ಸಹಪಾಠಿಗಳಲ್ಲಿ ಇವೆರಡರ ಹೆಸರು ಕೇಳಿದವರು ಕಡಿಮೆ. ಸೆಮಿನಾರ್‌ಗೆ ಮೊದಲು ನಾನೂ ಕೇಳಿರಲಿಲ್ಲ. ಐವತ್ತು, ಅರವತ್ತು ವರ್ಷ ದಾಟಿದ ಶಾಲೆ, ಆಸ್ಪತ್ರೆ, ಠಾಣೆ, ಬಸ್ ನಿಲ್ದಾಣಗಳು ಪ್ರತಿ ತಾಲೂಕಿನಲ್ಲೂ ನಿಂತಿವೆ. ಇವುಗಳ ಮುಂದೆ ನಿಂತು ಇದು ಇನ್ನೂ ಎಷ್ಟು ಹೊರಬಲ್ಲದು ಎಂದು ಹೇಳುವ ಜನ ಬೇಕಾಗುತ್ತಾರೆ. ಪ್ಲೇಸ್‌ಮೆಂಟ್‌ಗೆ ಸಾಫ್ಟ್‌ವೇರ್ ಕಂಪನಿ ಬಂದರೆ ಸಿವಿಲ್‌ನವರೂ ಸಾಲಿನಲ್ಲಿ ನಿಲ್ಲುತ್ತೇವೆ, ನಾನೂ ನಿಲ್ಲುತ್ತೇನೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಈ ಕಡೆ ಒಂದು ಬಾಗಿಲಿದೆ ಎಂಬುದನ್ನಾದರೂ ನೋಡಿಟ್ಟುಕೊಳ್ಳಬೇಕಲ್ಲ.

ರಜೆ ಮುಗಿದ ಮೇಲೆ ಇದನ್ನೆಲ್ಲ ಗೈಡ್‌ಗೆ ಹೇಳಿದೆ. ಅಂಕ ಹೆಚ್ಚಾಗಲಿಲ್ಲ, ಅದು ಆಗಲೇ ಪೋರ್ಟಲ್‌ಗೆ ಹೋಗಿತ್ತು. "ಹಾಗಾದ್ರೆ ಮುಂದಿನ ಸೆಮಿಸ್ಟರ್ ರಿಪೇರಿ ಆ್ಯಂಡ್ ರಿಹ್ಯಾಬಿಲಿಟೇಷನ್ ಎಲೆಕ್ಟಿವ್ ತಗೋ" ಎಂದರು. ಹೆಸರು ಕೊಟ್ಟಿದ್ದೇನೆ. ನಮ್ಮ ತರಗತಿಯಿಂದ ಇದುವರೆಗೆ ಹೆಸರು ಬರೆಸಿದವರು ನಾಲ್ಕು ಮಂದಿ. ಹತ್ತು ಜನ ಆಗದಿದ್ದರೆ ಆ ವಿಷಯ ನಡೆಸುವುದಿಲ್ಲವಂತೆ. ಕೊನೆಯ ದಿನಾಂಕ ಮುಂದಿನ ಶನಿವಾರ. ಇನ್ನೂ ಆರು ಜನ ಬೇಕು.